ಶ್ವಾಸಕೋಶದ ಕ್ಯಾನ್ಸರ್‌ಗೆ ಆಪರೇಷನ್: ಎದೆ ತೆರೆಯಬೇಕೇ, ಕೀಹೋಲ್ ಸಾಕೇ?

ಹುಬ್ಬಳ್ಳಿಗೋ ಮಂಗಳೂರಿಗೋ ತೋರಿಸಿ ಬಂದವರ ಮನೆಗೆ ನೆಂಟರು ಬಂದರೆ ಮೊದಲು ಕೇಳುವುದು, "ಎದೆ ಕೊಯ್ದೇ ಮಾಡ್ತಾರಂತೋ, ತೂತು ಹಾಕಿ ಮಾಡ್ತಾರಂತೋ?" ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಅದರ ಸರದಿ ಮೂರನೆಯದು. ಶ್ವಾಸಕೋಶದ ಎಷ್ಟು ಭಾಗ ತೆಗೆಯುತ್ತಾರೆ, ಅದರ ಜೊತೆ ಯಾವ ಯಾವ ದುಗ್ಧಗ್ರಂಥಿ (ಕ್ಯಾನ್ಸರ್ ಹಬ್ಬಬಲ್ಲ ಸಣ್ಣ ಗಂಟುಗಳು, ಇಂಗ್ಲಿಷಿನಲ್ಲಿ ಲಿಂಫ್ ನೋಡ್) ತೆಗೆಯುತ್ತಾರೆ ಎಂಬುದು ಮೊದಲು. ಯಾರ ಕೈ ಎಂಬುದು ಎರಡನೆಯದು. ಗಾಯ ಎಷ್ಟು ಉದ್ದ ಎಂಬುದು ಇವೆರಡೂ ಇತ್ಯರ್ಥವಾದ ಮೇಲೆ. ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳುವುದು ಮೊದಲೆರಡು. ಮನೆಗೆ ಬಂದು ಎಷ್ಟು ದಿನಕ್ಕೆ ಎದ್ದು ಓಡಾಡುತ್ತೀರಿ ಎಂಬುದನ್ನು ಬಹುಮಟ್ಟಿಗೆ ಗಾಯ ಹೇಳುತ್ತದೆ.

ಆಪರೇಷನ್ ಮಾತಿಗೆ ಮುಂಚೆ

ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡರೆ ನಮ್ಮಲ್ಲಿ ಮೊದಲ ಅನುಮಾನ ಟಿಬಿ ಮೇಲೆ. ಅದು ತಪ್ಪಲ್ಲ, ಟಿಬಿಯೇ ಹೆಚ್ಚು. ತಪ್ಪಾಗುವುದು ಕಫದಲ್ಲಿ ಟಿಬಿ ಸಿಗದಿದ್ದರೂ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿ ಕಾದು ನೋಡುವಾಗ. ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ ಎಂದು ಬಂದರೆ, ಅಥವಾ ಮಾತ್ರೆ ಶುರುಮಾಡಿ ಎರಡು ತಿಂಗಳಾದರೂ ಮಚ್ಚೆ ಕರಗದಿದ್ದರೆ, ಬೆಳೆದಿದ್ದರೆ, ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿ ಕೇಳಿ ಪಡೆಯಿರಿ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಯಾವ ಜಾತಿಯದು ಎಂದು ಬರೆದಿರುತ್ತದೆ. 'ಸ್ಮಾಲ್ ಸೆಲ್' ಎಂದಿದ್ದರೆ ಸಾಮಾನ್ಯವಾಗಿ ದಾರಿ ಕಿಮೋ ಮತ್ತು ರೇಡಿಯೇಷನ್; ಆಪರೇಷನ್ ತೀರಾ ಅಪರೂಪ. 'ನಾನ್ ಸ್ಮಾಲ್ ಸೆಲ್' ಎಂದಿದ್ದರೆ ಮಾತ್ರ ಮುಂದಿನ ಮಾತು. ಆಗ ಹಂತ ತಿಳಿಯಬೇಕು. ಅದಕ್ಕೆ ಇಡೀ ಮೈಯ ಪೆಟ್-ಸಿಟಿ (ಕಾಯಿಲೆ ಚುರುಕಾಗಿರುವ ಜಾಗ ಹೊಳೆದು ಕಾಣುವ ಸ್ಕ್ಯಾನ್), ಮಿದುಳಿನ ಎಂಆರ್‌ಐ ಬೇಕು. ಎದೆಯ ನಡುವಿನ ಗ್ರಂಥಿಗಳು ದಪ್ಪಗಿದ್ದರೆ, ಅಥವಾ ಪೆಟ್‌ನಲ್ಲಿ ಹೊಳೆದರೆ, ಅಲ್ಲಿಂದಲೂ ಸೂಜಿಯಲ್ಲಿ ಮಾದರಿ ತೆಗೆಯಬೇಕು. ಗಂಟಲಿನ ಮೂಲಕ ಅಲ್ಟ್ರಾಸೌಂಡ್ ಇರುವ ದುರ್ಬೀನು ಇಳಿಸಿ ಮಾಡುವ ಈ ಪರೀಕ್ಷೆಗೆ ಇಬಸ್ ಎನ್ನುತ್ತಾರೆ. ಇದನ್ನು ದಾಟಿಸಿ ನೇರ ಆಪರೇಷನ್‌ಗೆ ದಿನ ಕೊಟ್ಟರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಪೆಟ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ, ಹಳೆಯ ಟಿಬಿ ಗ್ರಂಥಿಯೂ ಹೊಳೆಯುತ್ತದೆ. ಹೊಳಪು ನೋಡಿಯೇ 'ಹಬ್ಬಿದೆ, ಆಪರೇಷನ್ ಆಗುವುದಿಲ್ಲ' ಎಂದು ಕೈಬಿಡುವುದೂ ಅಷ್ಟೇ ತಪ್ಪು.

ಒಂದು ಮತ್ತು ಎರಡನೆಯ ಹಂತದಲ್ಲಿ ಆಪರೇಷನ್ ಮುಖ್ಯ ಚಿಕಿತ್ಸೆ. ಮೂರನೆಯ ಹಂತದಲ್ಲಿ ಕೆಲವರಿಗೆ ಮಾತ್ರ, ಅದೂ ಹೆಚ್ಚಾಗಿ ಮೊದಲು ಕಿಮೋ, ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ) ಕೊಟ್ಟು ಆಮೇಲೆ.

ಸ್ಕ್ಯಾನ್ ಫಿಲ್ಮು ಸಾಲದು, ಸಿಡಿ ಕೇಳಿ ಪಡೆದುಕೊಳ್ಳಿ. ಸರ್ಜನ್ನಿಗೆ ಬೇಕಿರುವುದು ರಕ್ತನಾಳದ ಕವಲು ಎಲ್ಲಿ ಒಡೆಯುತ್ತದೆ ಎಂದು ಸ್ಲೈಸು ಸ್ಲೈಸಾಗಿ ತಿರುಗಿಸಿ ನೋಡುವ ಸೌಕರ್ಯ. ಫಿಲ್ಮಿನಲ್ಲಿ ಅದು ಸಿಗುವುದಿಲ್ಲ. ಇನ್ನೊಂದು ಮಾತು: ಅಡಿಕೆ ಕೊಯ್ಲು ಮುಗಿಯಲಿ, ಮಾರಿಕಾಂಬಾ ಜಾತ್ರೆ ಕಳೆಯಲಿ ಎಂದು ಮುಂದೂಡಬೇಡಿ. ಎರಡು ತಿಂಗಳು ದಾಟಿದ ಪೆಟ್ ಸ್ಕ್ಯಾನ್ ನಂಬಿ ಯಾರೂ ಎದೆಗೆ ಕೈ ಹಾಕುವುದಿಲ್ಲ. ಮತ್ತೆ ಮಾಡಿಸಬೇಕು, ಮತ್ತೆ ದುಡ್ಡು.

ಒಳಗಿನಿಂದ ತೆಗೆಯುವುದು ಏನು

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಒಂದು ಹಾಲೆಯನ್ನು ಪೂರ್ತಿ ತೆಗೆಯುವುದು ಲೋಬೆಕ್ಟಮಿ. ದಶಕಗಳಿಂದ ಇದೇ ಅಳತೆಗೋಲು. ಹಾಲೆಯೊಳಗಿನ ಒಂದೆರಡು ಸೆಗ್ಮೆಂಟ್ ಮಾತ್ರ ತೆಗೆದರೆ ಸೆಗ್ಮೆಂಟೆಕ್ಟಮಿ. ಅಂಚಿನಿಂದ ಕಲ್ಲಂಗಡಿ ಹೋಳಿನ ಹಾಗೆ ಒಂದು ಚೂರು ತೆಗೆದರೆ ವೆಡ್ಜ್. ಒಂದು ಕಡೆಯ ಶ್ವಾಸಕೋಶ ಪೂರ್ತಿ ತೆಗೆಯುವುದು ನ್ಯೂಮೊನೆಕ್ಟಮಿ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ.

ಗಡ್ಡೆ 2 ಸೆಂ.ಮೀ. ಅಥವಾ ಅದಕ್ಕಿಂತ ಚಿಕ್ಕದಿದ್ದು, ಹೊರ ಅಂಚಿನಲ್ಲಿದ್ದು, ಗ್ರಂಥಿಗಳಿಗೆ ಹಬ್ಬಿಲ್ಲದಿದ್ದರೆ ಇಡೀ ಹಾಲೆ ಬೇಕೇ ಎಂದು ಕೇಳಿ. ಜಪಾನಿನಲ್ಲಿ 1106 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಐದು ವರ್ಷ ಬದುಕಿದವರು ಸೆಗ್ಮೆಂಟೆಕ್ಟಮಿ ಗುಂಪಿನಲ್ಲಿ ನೂರಕ್ಕೆ 94.3, ಲೋಬೆಕ್ಟಮಿ ಗುಂಪಿನಲ್ಲಿ 91.1. ಆದರೆ ಅದೇ ಜಾಗದ ಆಸುಪಾಸಿನಲ್ಲಿ ಮರುಕಳಿಸಿದ್ದು ಸೆಗ್ಮೆಂಟೆಕ್ಟಮಿಯಲ್ಲಿ 10.5, ಲೋಬೆಕ್ಟಮಿಯಲ್ಲಿ 5.4. ಎರಡೂ ಅಂಕಿಯನ್ನು ಒಟ್ಟಿಗೆ ಇಟ್ಟುಕೊಂಡು ಮಾತಾಡುವ ಸರ್ಜನ್ ಸಿಕ್ಕರೆ ಒಳ್ಳೆಯದು. ಒಂದನ್ನೇ ಹೇಳಿ ಮುಗಿಸುವವರಿದ್ದಾರೆ.

ಎರಡು ವಿಧಾನ, ಹತ್ತಿರದಿಂದ

ಎರಡರಲ್ಲೂ ಪೂರ್ತಿ ಅರಿವಳಿಕೆ. ಎರಡರಲ್ಲೂ ಗಂಟಲಿಗೆ ಎರಡು ಕವಲಿನ ದಪ್ಪ ಟ್ಯೂಬ್ ಇಳಿಸಿ, ಆಪರೇಷನ್ ಆಗುವ ಕಡೆಯ ಶ್ವಾಸಕೋಶದ ಗಾಳಿ ನಿಲ್ಲಿಸಿ, ಇನ್ನೊಂದರಿಂದ ಉಸಿರಾಡಿಸುತ್ತಾರೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ತೋಳನ್ನು ಮೇಲೆತ್ತಿ ಕಟ್ಟುತ್ತಾರೆ. ಒಳಗೆ ಆಗುವ ಕೆಲಸವೂ ಒಂದೇ: ಆ ಹಾಲೆಗೆ ಹೋಗುವ ರಕ್ತನಾಳಗಳನ್ನು, ಆಮೇಲೆ ಶ್ವಾಸನಾಳದ ಕವಲನ್ನು ಒಂದೊಂದಾಗಿ ಬಿಡಿಸಿ, ಸ್ಟೇಪ್ಲರ್‌ನಿಂದ ಹೊಲಿದು ಕತ್ತರಿಸುವುದು; ಗ್ರಂಥಿ ತೆಗೆಯುವುದು; ಎದೆಯೊಳಗೆ ನೀರು ತುಂಬಿ ಶ್ವಾಸಕೋಶ ಉಬ್ಬಿಸಿ, ಪಂಚರ್ ನೋಡುವವನ ಹಾಗೆ ಎಲ್ಲಿ ಗುಳ್ಳೆ ಬರುತ್ತದೆ ಎಂದು ನೋಡುವುದು; ಪೈಪು ಇಟ್ಟು ಮುಚ್ಚುವುದು. ಬೇರೆಯಾಗುವುದು ಒಳಗೆ ಹೋಗುವ ಬಾಗಿಲು ಮಾತ್ರ.

ತೆರೆದ ಆಪರೇಷನ್, ಅಂದರೆ ಥೊರಾಕೊಟಮಿಯಲ್ಲಿ, ಹೆಗಲ ಮೂಳೆಯ ಕೆಳಗಿನಿಂದ ಪಕ್ಕೆಯ ಸುತ್ತ ಸುಮಾರು 15ರಿಂದ 25 ಸೆಂ.ಮೀ. ಗಾಯ. ಬೆನ್ನಿನ ದೊಡ್ಡ ಸ್ನಾಯುವನ್ನು ಕತ್ತರಿಸುತ್ತಾರೆ, ಅಥವಾ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಎರಡು ಪಕ್ಕೆಲುಬುಗಳ ನಡುವೆ ಉಕ್ಕಿನ ಸ್ಪ್ರೆಡರ್ ಇಟ್ಟು ಹಲ್ಲು ಹಲ್ಲಾಗಿ ತಿರುಗಿಸಿ ಅಗಲಿಸುತ್ತಾರೆ. ನೋವಿನ ಮೂಲ ಇರುವುದು ಇಲ್ಲಿ, ಚರ್ಮದ ಗಾಯದಲ್ಲಲ್ಲ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲೇ ಒಂದು ನರ ಓಡುತ್ತದೆ. ಸ್ಪ್ರೆಡರ್ ಅದನ್ನು ಎಲುಬಿಗೆ ಒತ್ತಿ ಜಜ್ಜುತ್ತದೆ. ತಿಂಗಳುಗಟ್ಟಲೆ ಎದೆಯ ಕೆಳಗೆ ಉರಿ, ಜೋಮು, ಅಂಗಿ ತಾಗಿದರೂ ಚುರುಕ್ ಎನ್ನುವುದು ಆ ನರದ ದೂರು. ಆದ್ದರಿಂದ "ಗಾಯ ಎಷ್ಟು ಇಂಚು?" ಎಂದು ಕೇಳುವುದಕ್ಕಿಂತ "ಪಕ್ಕೆಲುಬು ಅಗಲಿಸುತ್ತೀರಾ?" ಎಂದು ಕೇಳುವುದು ಜಾಣತನ. ಆರು ಸೆಂಟಿಮೀಟರ್ ಗಾಯ ಮಾಡಿ ಒಳಗೆ ಸ್ಪ್ರೆಡರ್ ಇಟ್ಟರೆ ಅದು ಹೆಸರಿಗೆ ಮಾತ್ರ ಕೀಹೋಲ್.

ಕೀಹೋಲ್ ವಿಧಾನಕ್ಕೆ ವೈದ್ಯರ ಬಾಯಲ್ಲಿ ವ್ಯಾಟ್ಸ್ ಎಂದು ಹೆಸರು. ಒಂದರಿಂದ ನಾಲ್ಕು ಸಣ್ಣ ಗಾಯ. ಅದರಲ್ಲಿ ಒಂದು 3ರಿಂದ 5 ಸೆಂ.ಮೀ., ತೆಗೆದ ಹಾಲೆ ಹೊರಬರುವುದಕ್ಕೆ. ಉಳಿದವು ಬೆರಳು ತೂರುವಷ್ಟು. ಕೆಲವರು ಎಲ್ಲವನ್ನೂ ಒಂದೇ ಗಾಯದಿಂದ ಮಾಡುತ್ತಾರೆ. ಕ್ಯಾಮೆರಾ ಒಳಗೆ, ಪರದೆ ಎದುರಿಗೆ, ಪಕ್ಕೆಲುಬು ಅಗಲಿಸುವುದಿಲ್ಲ. ತೆಗೆದ ಹಾಲೆಯನ್ನು ಹಾಗೇ ಎಳೆಯದೆ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಎಳೆಯುತ್ತಾರೆ, ಗಾಯದ ಅಂಚಿಗೆ ಕ್ಯಾನ್ಸರ್ ಕಣ ತಾಗಬಾರದು ಎಂದು. ರೋಬೋಟ್ ಎಂದರೂ ಇದೇ ಕೀಹೋಲ್. ಸಲಕರಣೆಯ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ, ನೋಟ ಮೂರು ಆಯಾಮದ್ದು, ಸರ್ಜನ್ ಎರಡು ಮಾರು ದೂರ ಕೂತು ನಡೆಸುತ್ತಾರೆ. ಯಂತ್ರ ತಾನೇ ಆಪರೇಷನ್ ಮಾಡುವುದಿಲ್ಲ. ರೋಗಿಗೆ ಕಾಣುವ ದೊಡ್ಡ ವ್ಯತ್ಯಾಸ ಬಿಲ್ಲಿನಲ್ಲಿ. ಪರಿಣತ ವ್ಯಾಟ್ಸ್ ಸರ್ಜನ್ ಸಿಕ್ಕಿದ್ದರೆ ರೋಬೋಟ್‌ಗಾಗಿ ಸಾಲ ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ತೂಗಿ ನೋಡಿದಾಗ

ಬ್ರಿಟನ್ನಿನಲ್ಲಿ 503 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ, 'ವಯಲೆಟ್' ಎಂಬ ಹೆಸರಿನ ಪರೀಕ್ಷೆಯ ಫಲ 2022ರಲ್ಲಿ ಬಂತು. ಆಸ್ಪತ್ರೆಯಲ್ಲಿದ್ದಾಗ ತೊಡಕು ಕಂಡವರು ಕೀಹೋಲ್‌ನಲ್ಲಿ ನೂರಕ್ಕೆ 32.8, ತೆರೆದದ್ದರಲ್ಲಿ 44.3. ಮನೆಗೆ ಹೋಗಲು ಕೀಹೋಲ್‌ನವರಿಗೆ ನಡುಮಟ್ಟದಲ್ಲಿ 4 ದಿನ, ತೆರೆದದ್ದಕ್ಕೆ 5. ಐದು ವಾರದ ಹೊತ್ತಿಗೆ ನಡೆದಾಡುವ, ಕೆಲಸ ಮಾಡುವ ಶಕ್ತಿ ಕೀಹೋಲ್‌ನವರಲ್ಲಿ ಚೆನ್ನಾಗಿತ್ತು. ಕ್ಯಾನ್ಸರ್ ಪೂರ್ತಿ ತೆಗೆಯುವುದರಲ್ಲಿ, ಗ್ರಂಥಿ ತೆಗೆಯುವುದರಲ್ಲಿ ಕೀಹೋಲ್ ಹಿಂದೆ ಬೀಳಲಿಲ್ಲ. ಡೆನ್ಮಾರ್ಕಿನ 206 ರೋಗಿಗಳ ಪರೀಕ್ಷೆಯಲ್ಲಿ ವರ್ಷವಿಡೀ ನೋವು ಕಡಿಮೆ ಇದ್ದದ್ದೂ ಕೀಹೋಲ್‌ನವರಿಗೇ.

ಅಂದರೆ ಆರಂಭದ ಹಂತದ ಗಡ್ಡೆಗೆ, ಕೈ ಪಳಗಿದವರಿದ್ದರೆ, ಕೀಹೋಲ್ ಮೊದಲ ಆಯ್ಕೆ. ಒಂದು ದಿನದ ಅಂತರ ಸಣ್ಣದಾಗಿ ಕಾಣಬಹುದು. ಉಸಿರಾಟದ ಶಕ್ತಿ ಮೊದಲೇ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ ಲಾಭ ಅದಕ್ಕಿಂತ ದೊಡ್ಡದು: ನೋವಿಲ್ಲದಿದ್ದರೆ ಕೆಮ್ಮಬಹುದು, ಕೆಮ್ಮಿದರೆ ಕಫ ಬರುತ್ತದೆ, ಕಫ ಬಂದರೆ ನ್ಯುಮೋನಿಯಾ ದೂರ. ಆಪರೇಷನ್ ನಂತರ ಕಿಮೋ ಬೇಕಾದವರು ಸಮಯಕ್ಕೆ ಸರಿಯಾಗಿ ಶುರುಮಾಡುವುದಕ್ಕೂ ಬೇಗ ಚೇತರಿಸಿಕೊಂಡಿರಬೇಕು.

ಎದೆ ತೆರೆಯುವುದೇ ಸರಿ ಎನ್ನುವ ಸಂದರ್ಭ

ಗಡ್ಡೆ ಪಕ್ಕೆಲುಬಿಗೆ ಅಂಟಿದ್ದರೆ ಎಲುಬಿನ ತುಂಡನ್ನೂ ತೆಗೆಯಬೇಕು. ಮುಖ್ಯ ಶ್ವಾಸನಾಳದ ಬಾಯಲ್ಲೇ ಇದ್ದರೆ ನಾಳದ ತುಂಡು ತೆಗೆದು ಮತ್ತೆ ಜೋಡಿಸಬೇಕು. ಇವನ್ನೂ ಕೀಹೋಲ್‌ನಲ್ಲಿ ಮಾಡುವವರಿದ್ದಾರೆ, ಆದರೆ ಬೆರಳೆಣಿಕೆ. ತುಂಬ ದೊಡ್ಡ ಗಡ್ಡೆ ಹೇಗಿದ್ದರೂ ಸಣ್ಣ ಗಾಯದಿಂದ ಹೊರಬರುವುದಿಲ್ಲ. ಮೊದಲೇ ಬೈಪಾಸ್ ಆಗಿದ್ದವರ ಎಡ ಮೇಲಿನ ಹಾಲೆಯಲ್ಲಿ ಗಡ್ಡೆ ಇದ್ದರೆ ಸರ್ಜನ್ನಿಗೆ ಆ ಮಾತು ಒತ್ತಿ ಹೇಳಿ: ಹೃದಯಕ್ಕೆ ಜೋಡಿಸಿದ ಎದೆಗೂಡಿನ ನಾಳ ಆ ಹಾಲೆಗೇ ಅಂಟಿಕೊಂಡಿರಬಹುದು.

ನಮ್ಮ ಕಡೆ ಹೆಚ್ಚು ಎದುರಾಗುವುದು ಹಳೆಯ ಟಿಬಿ. ಇಪ್ಪತ್ತು ವರ್ಷದ ಹಿಂದೆ ವಾಸಿಯಾದ ಟಿಬಿ ಎರಡು ತೊಡಕು ಬಿಟ್ಟು ಹೋಗಿರುತ್ತದೆ. ಶ್ವಾಸಕೋಶ ಎದೆಗೋಡೆಗೆ ಬೆಂಕಿಗೆ ಹತ್ತಿದ ಅನ್ನದ ಹಾಗೆ ಅಂಟಿರುತ್ತದೆ; ಬಿಡಿಸಲು ಗಂಟೆಗಟ್ಟಲೆ ಬೇಕು, ಬಿಡಿಸಿದ ಮೇಲೂ ಗಾಳಿ ಸೋರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಗ್ರಂಥಿಗಳು ಸುಣ್ಣಗಟ್ಟಿ ರಕ್ತನಾಳದ ಗೋಡೆಗೇ ಬೆಸೆದುಕೊಂಡಿರುತ್ತವೆ. ಶ್ವಾಸಕೋಶದ ಅಪಧಮನಿಯ ಗೋಡೆ ತೆಳು. ಗ್ರಂಥಿ ಎಳೆದರೆ ನಾಳವೇ ಹರಿಯುತ್ತದೆ. ಕೀಹೋಲ್‌ನಲ್ಲಿ ಶುರುಮಾಡಿ ಮಧ್ಯದಲ್ಲಿ ಎದೆ ತೆರೆಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು. ಪಳಗಿದ ಕೇಂದ್ರಗಳಲ್ಲೂ ನೂರಕ್ಕೆ ಐದರಿಂದ ಹತ್ತು ಆಪರೇಷನ್ ಹೀಗೆ ಬದಲಾಗುವುದುಂಟು.

ಹಾಗೆ ಬದಲಾದರೆ 'ಆಪರೇಷನ್ ಫೇಲ್ ಆಯ್ತು' ಎಂದು ಮನೆಮಂದಿ ತಿಳಿಯುತ್ತಾರೆ. ಫೇಲ್ ಅಲ್ಲ. ರಕ್ತ ಚಿಮ್ಮುವ ಮೊದಲೇ, ಮುಂದೆ ದಾರಿಯಿಲ್ಲ ಎಂದು ಕಂಡ ಕೂಡಲೇ ತೆರೆಯುವವರೇ ಒಳ್ಳೆಯ ಸರ್ಜನ್. "ಎಂಥದೇ ಇರಲಿ ತೂತಿನಲ್ಲೇ ಮುಗಿಸ್ತೇವೆ" ಎಂಬ ಭರವಸೆ ಕೇಳಿದರೆ ಸ್ವಲ್ಪ ಹಿಂಜರಿಯಿರಿ. ಒಪ್ಪಿಗೆ ಪತ್ರದಲ್ಲಿ ಎರಡೂ ಬರೆದಿರಬೇಕು, ಸಹಿ ಹಾಕುವವರಿಗೆ ಗೊತ್ತಿರಬೇಕು.

ಉಸಿರಿನ ಲೆಕ್ಕ ಮನೆಯಲ್ಲೇ ಹಾಕಿ

ಉಸಿರಾಟದ ಪರೀಕ್ಷೆಯ ವರದಿಯಲ್ಲಿ ಎರಡು ಅಂಕಿ ಹುಡುಕಿ: ಎಫ್‌ಇವಿ1 ಮತ್ತು ಡಿಎಲ್‌ಸಿಒ. ಎರಡೂ 'ಇರಬೇಕಾದ್ದರ ಶೇಕಡಾ' ಎಂಬ ಲೆಕ್ಕದಲ್ಲಿ ಇರುತ್ತವೆ. ಮೊದಲನೆಯದು ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಿ ಬಿಡುತ್ತೀರಿ ಎಂಬುದು, ಎರಡನೆಯದು ಗಾಳಿ ಎಷ್ಟು ಚೆನ್ನಾಗಿ ರಕ್ತಕ್ಕೆ ದಾಟುತ್ತದೆ ಎಂಬುದು. ಎರಡನೆಯದನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ. ಕೇಳಿ ಮಾಡಿಸಿ.

ಎರಡೂ ಶ್ವಾಸಕೋಶ ಸೇರಿ 19 ಸೆಗ್ಮೆಂಟ್ ಎಂದು ಲೆಕ್ಕ. ಬಲಗಡೆ ಮೇಲಿನ ಹಾಲೆಗೆ 3, ನಡುವಿನದಕ್ಕೆ 2, ಕೆಳಗಿನದಕ್ಕೆ 5. ಎಡಗಡೆ ಮೇಲಿನದಕ್ಕೆ 5, ಕೆಳಗಿನದಕ್ಕೆ 4. ಎಫ್‌ಇವಿ1 ಶೇ. 72 ಇರುವವರ ಬಲ ಮೇಲಿನ ಹಾಲೆ ತೆಗೆದರೆ ಉಳಿಯುವುದು 16 ಸೆಗ್ಮೆಂಟ್: 72ನ್ನು 19ರಿಂದ ಭಾಗಿಸಿ 16ರಿಂದ ಗುಣಿಸಿದರೆ ಸುಮಾರು 60. ಅದೇ ವ್ಯಕ್ತಿಯ ಬಲ ಕೆಳಗಿನ ಹಾಲೆ ತೆಗೆದರೆ 53. ಇಡೀ ಬಲ ಶ್ವಾಸಕೋಶ ಹೋದರೆ 34. ಡಿಎಲ್‌ಸಿಒಗೂ ಇದೇ ಲೆಕ್ಕ. ಉಳಿಯುವ ಅಂಕಿ ಎರಡರಲ್ಲೂ 60ಕ್ಕಿಂತ ಮೇಲಿದ್ದರೆ ನಿರಾತಂಕ. ಯಾವುದಾದರೂ ಒಂದು 30ರಿಂದ 60ರ ನಡುವೆ ಇದ್ದರೆ ಮೆಟ್ಟಿಲು ಹತ್ತಿಸಿ ಅಥವಾ ನಡೆಸಿ ನೋಡುತ್ತಾರೆ. 22 ಮೀಟರ್ ಎತ್ತರ, ಅಂದರೆ ಹೆಚ್ಚುಕಡಿಮೆ ಏಳು ಮಹಡಿ, ಹತ್ತಬಲ್ಲವರು ಪಾಸು. 30ಕ್ಕಿಂತ ಕೆಳಗಿದ್ದರೆ ಸೈಕಲ್ ತುಳಿಸಿ ಆಮ್ಲಜನಕ ಅಳೆಯುವ ಪರೀಕ್ಷೆ ಬೇಕೇ ಬೇಕು. ಈ ಗಡಿಗಳು ಎದೆ ತೆರೆಯುವ ಕಾಲದಲ್ಲಿ ಹುಟ್ಟಿದವು. ಕೀಹೋಲ್‌ನಲ್ಲಾದರೆ ಅಂಚಿನಲ್ಲಿರುವವರೂ ತಡೆದುಕೊಳ್ಳುತ್ತಾರೆ, ಹಾಗಾಗಿ ಒಂದು ಕಡೆ 'ಆಗುವುದಿಲ್ಲ' ಎಂದರೆ ಇನ್ನೊಂದು ಕಡೆ ಕೇಳುವುದು ವ್ಯರ್ಥವಲ್ಲ.

ಬೀಡಿ, ಕವಳ ಮತ್ತು ಬಾಯಿ

ಬೀಡಿ ಸಿಗರೇಟು ಬಿಟ್ಟು ಕನಿಷ್ಠ ನಾಲ್ಕು ವಾರವಾದರೂ ಆಗಿರಲಿ. ಅಷ್ಟು ಸಮಯ ಇಲ್ಲದಿದ್ದರೆ ಇವತ್ತೇ ಬಿಡಿ, ತಡವಾಯಿತೆಂದು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಕ್ಯಾನ್ಸರ್‌ಗಾಗಿ ಒಂದು ಕಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದು ರೋಗಿಯನ್ನು ಉಳಿಸಿದ ಮೊದಲಿಗರು ಅಮೆರಿಕದ ಸರ್ಜನ್ ಎವರ್ಟ್ಸ್ ಗ್ರಹಾಂ, 1933ರಲ್ಲಿ. ಆ ರೋಗಿ ಮುಂದೆ ಹಲವು ವರ್ಷ ಬದುಕಿದರು. ಸಿಗರೇಟು ಸೇದುತ್ತಿದ್ದ ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ವರ್ಷಗಟ್ಟಲೆ ಕವಳ ಹಾಕಿದವರ, ಅಡಿಕೆ ಅಗಿದವರ ಕೆನ್ನೆಯ ಒಳಪದರ ಬಿಗಿದು ಬಾಯಿ ಪೂರ್ತಿ ತೆರೆಯುವುದಿಲ್ಲ. ಈ ಆಪರೇಷನ್‌ಗೆ ಬೇಕಾದ ಎರಡು ಕವಲಿನ ಟ್ಯೂಬ್ ಸಾಮಾನ್ಯ ಅರಿವಳಿಕೆಯ ಟ್ಯೂಬಿಗಿಂತ ದಪ್ಪ, ಬಿರುಸು, ಬಾಗಿದ್ದು. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರು ಹೋಗದಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ. ಅವರಲ್ಲಿ ದಾರಿಗಳಿವೆ: ದುರ್ಬೀನಿನ ಸಹಾಯದಿಂದ ಟ್ಯೂಬ್ ಇಳಿಸುವುದು, ಸಾಮಾನ್ಯ ಟ್ಯೂಬಿನೊಳಗಿಂದ ಬಲೂನು ಇಳಿಸಿ ಒಂದು ಕಡೆಯ ಗಾಳಿ ತಡೆಯುವುದು. ತಯಾರಿ ಇಲ್ಲದೆ ಟೇಬಲ್ ಮೇಲೆ ಗೊತ್ತಾದರೆ ಆ ದಿನದ ಆಪರೇಷನ್ ರದ್ದು. ದುರದೃಷ್ಟವಿದ್ದರೆ ಇನ್ನೂ ಕೆಟ್ಟದ್ದು. ಅಲುಗಾಡುವ ಹಲ್ಲಿದ್ದರೂ ಹೇಳಿ.

ಇನ್ನುಳಿದ ತಯಾರಿ: ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಂಡು, ಊದುವುದಲ್ಲ, ಒಳಗೆ ಎಳೆಯುವುದು ಅಭ್ಯಾಸ ಮಾಡಿ. ಗಂಟೆಗೆ ಹತ್ತು ಸಲ. ತಪ್ಪಿ ಊದಿ ಚೆಂಡು ಏಳುವುದಿಲ್ಲ ಎಂದು ಕೈಬಿಟ್ಟವರು ಬಹಳ. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಕಾರವಾರದವರಿಗೆ ಟಾಗೋರ್ ಕಡಲತೀರದ ಒದ್ದೆ ಮರಳಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆಯ ಮಾತ್ರೆ ತಿನ್ನುತ್ತಿದ್ದರೆ ಪಟ್ಟಿ ಒಯ್ಯಿರಿ. ಕ್ಲೋಪಿಡೊಗ್ರೆಲ್ ಐದರಿಂದ ಏಳು ದಿನ, ಡಾಪಾಗ್ಲಿಫ್ಲೋಜಿನ್ ಜಾತಿಯವು ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುವುದು ವಾಡಿಕೆ. ಹೃದಯದ ಸ್ಟೆಂಟ್ ಇದ್ದರೆ ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಸದ್ಯಕ್ಕೆ ಈ ಆಪರೇಷನ್‌ಗೆ ಜಿಲ್ಲೆ ದಾಟಲೇಬೇಕು. ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿ.ಮೀ., ಕಾರವಾರದವರಿಗೆ ಅರಬೈಲ್ ಘಟ್ಟ ಹತ್ತಿ ಸುಮಾರು 165. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿನ ಕಡೆ ತಿರುಗುತ್ತಾರೆ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಸರ್ಕಾರಿ ವಲಯದ ದೊಡ್ಡ ಕ್ಯಾನ್ಸರ್ ಕೇಂದ್ರಗಳು. ಕರಾವಳಿಯವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಮುಂಬೈ ಒಂದು ರಾತ್ರಿಯ ದಾರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು.

ಹತ್ತಿರದ ಆಸ್ಪತ್ರೆ ಒಳ್ಳೆಯದೇ, ಆದರೆ ಕೇಳಬೇಕಾದ್ದನ್ನು ಕೇಳಿ. ಎದೆಯ ಆಪರೇಷನ್ನನ್ನೇ ಮಾಡುವ ಸರ್ಜನ್ನೋ, ಎಲ್ಲವನ್ನೂ ಮಾಡುವವರೋ? ವರ್ಷಕ್ಕೆ ಎಷ್ಟು ಲೋಬೆಕ್ಟಮಿ ಮಾಡುತ್ತೀರಿ, ಅದರಲ್ಲಿ ಕೀಹೋಲ್ ಎಷ್ಟು? ಎಷ್ಟು ಸಲ ಮಧ್ಯದಲ್ಲಿ ತೆರೆಯಬೇಕಾಯಿತು? ಎದೆಯ ನಡುವಿನ ಗ್ರಂಥಿಗಳನ್ನು ಎಷ್ಟು ಜಾಗದಿಂದ ತೆಗೆಯುತ್ತೀರಿ? ಕೊನೆಯ ಪ್ರಶ್ನೆಗೆ ಕನಿಷ್ಠ ಮೂರು ಜಾಗ ಎಂಬ ಉತ್ತರ ಬರಬೇಕು, ಶ್ವಾಸನಾಳ ಕವಲೊಡೆಯುವ ಅಡಿಯ ಗ್ರಂಥಿ ಅದರಲ್ಲಿ ಇರಬೇಕು. ಚೆಂದದ ಸಣ್ಣ ಗಾಯ ಮಾಡಿ ಗ್ರಂಥಿ ಬಿಟ್ಟು ಬಂದರೆ ಕಾಯಿಲೆಯ ಹಂತ ತಪ್ಪಾಗುತ್ತದೆ, ಬೇಕಾದ ಕಿಮೋ ತಪ್ಪಿಹೋಗುತ್ತದೆ. ಹಾಗೆ ಮಾಡುವವರ ಕೀಹೋಲ್‌ಗಿಂತ ಗ್ರಂಥಿ ಪೂರ್ತಿ ತೆಗೆಯುವವರ ಉದ್ದ ಗಾಯವೇ ಮೇಲು.

ದುಡ್ಡಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಂಡೇ ಹೊರಡಿ. ಅಲ್ಲಿ ಹೋಗಿ ನೆನಪಾದರೆ ಮತ್ತೆ ಘಟ್ಟ ಇಳಿಯಬೇಕು. ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ನೇರ ಕೇಳಿ: ಸ್ಟೇಪ್ಲರ್ ಕಾರ್ಟ್ರಿಜ್ ಪ್ಯಾಕೇಜಿನೊಳಗೋ ಹೊರಗೋ? ಕೀಹೋಲ್‌ನಲ್ಲಿ ಕೈಹೊಲಿಗೆ ಕಡಿಮೆ. ಒಂದೊಂದು ನಾಳಕ್ಕೂ ಒಂದೊಂದು ಕಾರ್ಟ್ರಿಜ್, ಐದಾರರಿಂದ ಎಂಟು-ಹತ್ತು ಖರ್ಚಾಗುತ್ತವೆ. ಬಿಲ್ಲು ಬೆಳೆಯುವುದು ಅಲ್ಲಿ.

ವಾರ್ಡಿನ ದಿನಗಳು: ಪೈಪಿನ ಸುತ್ತ

ಎದ್ದಾಗ ಪಕ್ಕೆಯಲ್ಲಿ ಒಂದು ಪೈಪು, ಅದರ ತುದಿ ನೀರಿರುವ ಡಬ್ಬಿಯಲ್ಲಿ. ಇದು ಒಳಗಿನ ಗಾಳಿ, ರಕ್ತ ಹೊರಗೆ ಬರಲಿಕ್ಕೆ. ಗಾಳಿ ವಾಪಸು ಹೋಗದಂತೆ ನೀರು ತಡೆಯುತ್ತದೆ. ಡಬ್ಬಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಶೌಚಾಲಯಕ್ಕೆ ಹೋಗುವಾಗ ಎತ್ತಿ ಹಿಡಿದು ನಡೆಯುವವರು, ಮಂಚದ ಮೇಲೆ ಪಕ್ಕದಲ್ಲಿ ಮಲಗಿಸುವವರು ಇದ್ದಾರೆ, ಎರಡೂ ಕೂಡದು. ಉಸಿರಿನ ಜೊತೆ ನೀರು ಮೇಲೆ ಕೆಳಗೆ ಆಡಿದರೆ ಪೈಪು ತೆರೆದಿದೆ ಎಂದರ್ಥ. ಕೆಮ್ಮಿದಾಗ ಗುಳ್ಳೆ ಬಂದರೆ ಶ್ವಾಸಕೋಶ ಇನ್ನೂ ಸೋರುತ್ತಿದೆ. ಗುಳ್ಳೆ ನಿಂತು, ದಿನದ ನೀರು 300–400 ಮಿ.ಲೀ.ಗಿಂತ ಕೆಳಗಿಳಿದರೆ ಪೈಪು ತೆಗೆಯುತ್ತಾರೆ. ಐದು ದಿನ ದಾಟಿದರೂ ಗುಳ್ಳೆ ನಿಲ್ಲದಿರುವುದು ಅಪರೂಪವೇನಲ್ಲ, ಬೀಡಿ ಸೇದಿದ ಶ್ವಾಸಕೋಶದಲ್ಲಿ ಇನ್ನೂ ಹೆಚ್ಚು. ಪೈಪಿನ ಸಮೇತ ಮನೆಗೆ ಕಳಿಸುವುದೂ ಉಂಟು. ಹಾಗೆ ಬಂದರೆ ಬಸ್ಸಿನಲ್ಲಿ ಚೀಲ ಕಾಲ ಬಳಿ ಇರಲಿ, ಲಗೇಜಿನ ಹಲಗೆ ಮೇಲಲ್ಲ. ಮನೆಯಲ್ಲಿ ಯಾರೂ ಪೈಪಿಗೆ ಗಂಟು, ಕ್ಲಿಪ್ಪು ಹಾಕಕೂಡದು.

ಕುತ್ತಿಗೆ, ಮುಖ ಊದಿ, ಒತ್ತಿದರೆ ಒಣ ಹಪ್ಪಳ ಮುರಿದ ಹಾಗೆ ಚರಚರ ಎಂದರೆ ಗಾಳಿ ಚರ್ಮದಡಿ ಸೇರಿದೆ. ಕೂಡಲೇ ನರ್ಸನ್ನು ಕರೆಯಿರಿ. ಊಟ ಶುರುವಾದ ಮೇಲೆ ಪೈಪಿನ ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ, ಮನೆಯಿಂದ ತೆಂಗಿನಕಾಯಿ ಹಾಕಿದ ಮೀನುಸಾರು ತಂದು ಕೊಟ್ಟ ಮರುದಿನ ಕಾಣುವಂಥದು, ಕೊಬ್ಬು ಸಾಗಿಸುವ ನಾಳ ಸೋರುತ್ತಿದೆ ಎಂದು ಅರ್ಥ. ಡಬ್ಬಿ ಚೆಲ್ಲದೆ ತೋರಿಸಿ. ಎರಡು ಮೂರನೆಯ ದಿನ ಎದೆ ಡವಡವ, ನಾಡಿ ಅಡ್ಡಾದಿಡ್ಡಿ ಆಗುವುದು ಈ ಆಪರೇಷನ್ ನಂತರ ಸಾಮಾನ್ಯ ತೊಡಕು, ಔಷಧಿಗೆ ಬಗ್ಗುತ್ತದೆ. ಎಡಗಡೆಯ ಗ್ರಂಥಿ ತೆಗೆಯುವಾಗ ಧ್ವನಿಯ ನರಕ್ಕೆ ಪೆಟ್ಟಾಗಿ ದನಿ ಒಡೆಯಬಹುದು. ಭಾಗವತರು, ಮೇಷ್ಟ್ರು ಇದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ನೋವಿನ ಮಾತ್ರೆ ನೋವು ಬಂದ ಮೇಲಲ್ಲ, ಗಡಿಯಾರ ನೋಡಿ. ತಲೆದಿಂಬು ಎದೆಗೆ ಅವುಚಿಕೊಂಡು ಕೆಮ್ಮಿ. ಮೊದಲ ದಿನವೇ ಕುರ್ಚಿ, ಆಮೇಲೆ ನಡಿಗೆ. 'ದೊಡ್ಡ ಆಪರೇಷನ್, ಮಲಗಿರಲಿ' ಎನ್ನುವ ಪ್ರೀತಿಯೇ ನ್ಯುಮೋನಿಯಾ ತರುತ್ತದೆ.

ಊರಿಗೆ ಬಂದ ಮೇಲೆ

ಕೀಹೋಲ್ ಆದವರು ಮೂರ್ನಾಲ್ಕು ವಾರಕ್ಕೆ ಅಂಗಡಿ, ಕಚೇರಿಯ ಕೆಲಸಕ್ಕೆ ಮರಳಬಹುದು. ತೆರೆದದ್ದಾದರೆ ಆರರಿಂದ ಎಂಟು. ಭಾರದ ಕೆಲಸದ ಲೆಕ್ಕ ಬೇರೆ. ಮೊದಲ ಆರು ವಾರ 4–5 ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ, ಅಂದರೆ ತುಂಬಿದ ಕೊಡಪಾನವೂ ಬೇಡ. ಬಲೆ ಎಳೆಯುವುದು, ಅಡಿಕೆ ಮರಕ್ಕೆ ದೋಟಿ ಎತ್ತುವುದು ತೆರೆದ ಆಪರೇಷನ್ ಆದವರಿಗೆ ಮೂರು ತಿಂಗಳ ಮೊದಲು ಬೇಡವೇ ಬೇಡ, ಕತ್ತರಿಸಿದ ಬೆನ್ನಿನ ಸ್ನಾಯುವಿಗೇ ಆ ಕೆಲಸ. ಆದರೆ ತೋಳು ಸುಮ್ಮನೆ ಇಳಿಬಿಟ್ಟುಕೊಂಡರೆ ಹೆಗಲು ಹಿಡಿದುಕೊಳ್ಳುತ್ತದೆ: ದಿನಕ್ಕೆ ಮೂರು ಸಲ ಗೋಡೆಯ ಮೇಲೆ ಬೆರಳು ನಡೆಸುತ್ತ ತೋಳು ಮೇಲೇರಿಸಿ. ಬೈಕು ಓಡಿಸುವುದು, ಹಿಂದೆ ಕೂರುವುದು ಎರಡೂ ನಾಲ್ಕು ವಾರ ಬೇಡ.

ಬಚ್ಚಲೊಲೆಯ ಹೊಗೆ, ಅಡಿಕೆ ಬೇಯಿಸುವ ಒಲೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನದ ತೋಟ, ಇವುಗಳಿಂದ ದೂರ. ಮಳೆಗಾಲದಲ್ಲಿ ಗಾಯ ಒಣಗುವುದು ನಿಧಾನ; ಬೆವತ ಅಂಗಿ ಬದಲಿಸಿ, ಪೈಪು ಇದ್ದ ತೂತನ್ನು ಒಣಗಿಸಿ ಇಡಿ. ಅಲ್ಲಿಂದ ಒಂದೆರಡು ದಿನ ನೀರು ಜಿನುಗಿದರೆ ಗಾಬರಿ ಬೇಡ. ಕೀವು, ಜ್ವರ, ಏಕಾಏಕಿ ಏದುಸಿರು, ರಕ್ತದ ಕಫ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಕಂಡರೆ ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಹಚ್ಚಿ, ಅದಕ್ಕೂ ಮೊದಲು ಹತ್ತಿರದ ಆಸ್ಪತ್ರೆ ಸೇರಿ ಎಕ್ಸ್‌ರೇ ತೆಗೆಸಿ. ಘಟ್ಟದ ದಾರಿ ಕಾಯುವುದಿಲ್ಲ.

ಒಂದೆರಡು ವಾರಕ್ಕೆ ಪೆಥಾಲಜಿ ವರದಿ ಬರುತ್ತದೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂದಿದೆಯೇ, ಎಷ್ಟು ಜಾಗದ ಎಷ್ಟು ಗ್ರಂಥಿ ನೋಡಿದ್ದಾರೆ, ಎಷ್ಟರಲ್ಲಿ ಸಿಕ್ಕಿದೆ: ಈ ಮೂರನ್ನು ಓದಿ. ಮುಂದಿನ ಔಷಧಿ ಆರಿಸಲು ಗಡ್ಡೆಯ ತುಣುಕಿನಲ್ಲೇ ಮಾಡುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಪರೀಕ್ಷೆ ಆಗಿದೆಯೇ ಕೇಳಿ. ಬೀಡಿ ಮುಟ್ಟದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇಜಿಎಫ್‌ಆರ್ ಬದಲಾವಣೆ ಸಿಗುವುದು ಹೆಚ್ಚು, ಸಿಕ್ಕರೆ ಆಪರೇಷನ್ ನಂತರ ಮಾತ್ರೆಯ ಚಿಕಿತ್ಸೆ ಇದೆ. ಗಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳು ಯಾವ ಲ್ಯಾಬಿನಲ್ಲಿವೆ, ಯಾವ ನಂಬರಿನಲ್ಲಿವೆ ಎಂದು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ. ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ಎದೆಯ ಸಿಟಿ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಹಳೆಯ ಸಿಡಿ ಒಯ್ಯಿರಿ. ಆಪರೇಷನ್ ಕಲೆಗೂ ಹೊಸ ಗಡ್ಡೆಗೂ ವ್ಯತ್ಯಾಸ ಗೊತ್ತಾಗುವುದು ಹಳೆಯದರ ಪಕ್ಕ ಹೊಸದನ್ನು ಇಟ್ಟಾಗಲೇ.